ಸರಕಿನ ಹೆಸರು: ಅಪಾಯಕಾರಿ ವಸ್ತುಗಳ ಅನಾಹುತ ಮತ್ತು ಅಗ್ನಿಶಾಮಕ ದಳದ ಚರಿತ್ರೆ

ಭಾರತದಲ್ಲಿ ಪ್ರತಿವರ್ಷ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವೆಂದು ಆಚರಿಸಲಾಗುತ್ತದೆ. ಅಂದಿನಿಂದ ಏಪ್ರಿಲ್ 20ರವರೆಗಿನ ಸಪ್ತಾಹದಲ್ಲಿ ಶಾಲೆ, ಕಚೇರಿ, ಕಾರ್ಖಾನೆಗಳಲ್ಲಿ ಅಣಕು ಪ್ರದರ್ಶನಗಳು ನಡೆಯುತ್ತವೆ. ಠಾಣೆಗಳಲ್ಲಿ ಮಡಿದವರಿಗೆ ಗೌರವ ಸಲ್ಲುತ್ತದೆ. 1944ರ ಅದೇ ದಿನ ಮುಂಬಯಿಯ ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ ಪ್ರಾಣ ತೆತ್ತ 66 ಮಂದಿ ಅಗ್ನಿಶಾಮಕರ ಸ್ಮರಣೆಗಾಗಿ ಈ ದಿನವನ್ನು ಆರಿಸಲಾಗಿದೆ. ಅವರ ತ್ಯಾಗದ ಬಗೆಗೆ ಭಾಷಣಗಳಲ್ಲಿ ಬಂದಷ್ಟು ಮಾತು ಆ ಸಾವಿನ ಕಾರಣದ ಬಗೆಗೆ ಬಂದಿಲ್ಲ. ಬೆಂಕಿಯ ಕರೆ ಬಂದಾಗ ಆ ಹಡಗಿನಲ್ಲಿ ಏನಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಪಾಯಕಾರಿ ವಸ್ತುಗಳ ಸೋರಿಕೆ ಮತ್ತು ಸ್ಫೋಟಗಳನ್ನು ಎದುರಿಸುವ ಶಾಸ್ತ್ರದ ಬೆಳವಣಿಗೆಯನ್ನು ಸಾಮಾನ್ಯವಾಗಿ ಉಪಕರಣಗಳ ಬೆಳವಣಿಗೆಯಾಗಿ ವಿವರಿಸುವುದುಂಟು. ಅದಕ್ಕಿಂತ ಹಳೆಯದೂ ಮುಖ್ಯವೂ ಆದ ಇನ್ನೊಂದು ಎಳೆ ಈ ಚರಿತ್ರೆಯಲ್ಲಿದೆ. ವಸ್ತುವಿನ ಹೆಸರು ಅದನ್ನು ಬಲ್ಲವನಿಂದ ಹೊರಟು ಸ್ಥಳಕ್ಕೆ ಮೊದಲು ತಲಪುವ ಸಿಬ್ಬಂದಿಯ ಕಿವಿಗೆ ಬೀಳುವವರೆಗಿನ ದಾರಿಯೇ ಆ ಎಳೆ. ಪ್ರಸ್ತುತ ಲೇಖನ ಅದನ್ನು ಅನುಸರಿಸುತ್ತದೆ.

ಫೋರ್ಟ್ ಸ್ಟಿಕೀನ್ ಎಂಬ ಹಡಗು 1944ರ ಫೆಬ್ರವರಿ 24ರಂದು ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟು, ಜಿಬ್ರಾಲ್ಟರ್ ಮತ್ತು ಪೋರ್ಟ್ ಸೈದ್ ಮಾರ್ಗವಾಗಿ ಕರಾಚಿಗೆ ಬಂದು, ಏಪ್ರಿಲ್ 12ರಂದು ಮುಂಬಯಿ ತಲಪಿತು. ಅದರ ಒಡಲಲ್ಲಿ ಸುಮಾರು 1,400 ಟನ್ ಸ್ಫೋಟಕ ಹಾಗೂ ಮದ್ದುಗುಂಡುಗಳಿದ್ದವು. ಯುದ್ಧವಿಮಾನಗಳೂ 31 ಪೆಟ್ಟಿಗೆಗಳಲ್ಲಿ ಚಿನ್ನದ ಗಟ್ಟಿಗಳೂ ಇದ್ದವು. ಕರಾಚಿಯಲ್ಲಿ ಇವುಗಳ ಜೊತೆಗೆ ಹತ್ತಿಯ ಮೂಟೆಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ತುಂಬಲಾಯಿತು. ಹತ್ತಿಯನ್ನೂ ಸ್ಫೋಟಕವನ್ನೂ ಒಂದೇ ಹಡಗಿನಲ್ಲಿ ಒಯ್ಯಬಾರದೆಂಬುದು ನಾವಿಕರಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಹಡಗಿನ ಕಪ್ತಾನನೇ ಈ ಸರಕಿನ ಬಗೆಗೆ ಆಕ್ಷೇಪಿಸಿದ್ದನು. ಆದರೆ ಯುದ್ಧಕಾಲದಲ್ಲಿ ಹಡಗುಗಳ ಕೊರತೆಯಿತ್ತು. ನಿಯಮಕ್ಕಿಂತ ಅಗತ್ಯವೇ ಮೇಲಾಯಿತು. ಕಟ್ಟೆಗೆ ಬಂದ ಮೇಲೂ ಎರಡು ದಿನಗಳಾದರೂ ಸರಕು ಪೂರ್ಣವಾಗಿ ಇಳಿಯಲಿಲ್ಲ.

ಏಪ್ರಿಲ್ 14ರ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಎರಡನೆಯ ಉಗ್ರಾಣದಿಂದ ಹೊಗೆ ಏಳುವುದು ಕಂಡಿತು. ಹಡಗಿನವರು, ಕಟ್ಟೆಯ ಪಂಪುಗಳವರು, ನಗರದ ಅಗ್ನಿಶಾಮಕ ದಳದವರು, ಅಗ್ನಿಶಾಮಕ ದೋಣಿಗಳವರು ಎಲ್ಲರೂ ಸೇರಿ 900 ಟನ್ನಿಗೂ ಹೆಚ್ಚು ನೀರನ್ನು ಒಳಗೆ ಸುರಿದರು. ದಟ್ಟ ಹೊಗೆಯಲ್ಲಿ ಬೆಂಕಿಯ ಮೂಲ ಮಾತ್ರ ಸಿಗಲಿಲ್ಲ. ಉರಿಯುವ ಹತ್ತಿ ಕೆಳಗೆ, ಸ್ಫೋಟಕ ಮೇಲೆ ಇದ್ದ ಆ ಉಗ್ರಾಣದಲ್ಲಿ ನೀರು ಏರಿದಂತೆಲ್ಲ ಹತ್ತಿಯ ಮೂಟೆಗಳು ತೇಲುತ್ತ ಮದ್ದಿನ ಸಮೀಪಕ್ಕೆ ಬಂದವೆಂದು ದುರಂತದ ವೃತ್ತಾಂತಗಳು ಹೇಳುತ್ತವೆ. ಬೆಂಕಿಯನ್ನು ನಂದಿಸಲು ಹಾಕಿದ ನೀರೇ ಬೆಂಕಿಯನ್ನು ಹೊತ್ತೊಯ್ದಿತು. ಹಡಗಿನಲ್ಲಿ ಸ್ಫೋಟಕವಿದೆಯೆಂಬ ವಿಷಯ ನಂದಿಸುವ ಕೆಲಸದ ನಡುವೆ ತಿಳಿಯಿತು. ಆಗ ಹಡಗನ್ನು ಹೊರಕ್ಕೆ ಎಳೆದೊಯ್ಯಬೇಕೆ, ನಿಂತಲ್ಲೇ ಮುಳುಗಿಸಬೇಕೆ ಎಂಬ ಚರ್ಚೆ ಹುಟ್ಟಿತು. ಕಪ್ತಾನ, ಸೇನೆಯ ಅಧಿಕಾರಿಗಳು, ಬಂದರಿನ ಆಡಳಿತ, ಅಗ್ನಿಶಾಮಕ ದಳ ಇವರಲ್ಲಿ ಯಾರ ಮಾತು ಅಂತಿಮ ಎಂಬುದು ಮೊದಲೇ ನಿಶ್ಚಯವಾಗಿರಲಿಲ್ಲ. 3 ಗಂಟೆ 50 ನಿಮಿಷಕ್ಕೆ ಹಡಗನ್ನು ತೊರೆಯುವ ಆಜ್ಞೆಯಾಯಿತು. 4 ಗಂಟೆ 6 ನಿಮಿಷಕ್ಕೆ ಮೊದಲ ಸ್ಫೋಟ ಸಂಭವಿಸಿ ಹಡಗು ಎರಡು ಹೋಳಾಯಿತು. ಹನ್ನೆರಡು ಕಿಲೋಮೀಟರ್ ದೂರದ ಕಿಟಕಿಗಳ ಗಾಜು ಒಡೆದವು. 4 ಗಂಟೆ 34 ನಿಮಿಷಕ್ಕೆ ಎರಡನೆಯ ಸ್ಫೋಟವಾಯಿತು. ಕೊಲಾಬಾ ವೀಕ್ಷಣಾಲಯದ ಭೂಕಂಪಮಾಪಕ ಈ ಅಲುಗಾಟವನ್ನು ದಾಖಲಿಸಿತು. ಅಧಿಕೃತ ಲೆಕ್ಕದಂತೆ ಸತ್ತವರು ಏಳುನೂರಕ್ಕೂ ಹೆಚ್ಚು. ಇತರ ಅಂದಾಜುಗಳು ಇದಕ್ಕಿಂತ ಬಹಳ ಮೇಲಿವೆ. ಯುದ್ಧಕಾಲದ ಸೆನ್ಸಾರ್ ವ್ಯವಸ್ಥೆಯ ಕಾರಣ ಸುದ್ದಿಯನ್ನು ಹೊರಗೆ ಕಳುಹಿಸಲು ವರದಿಗಾರರಿಗೆ ಮೇ ತಿಂಗಳವರೆಗೆ ಅನುಮತಿ ದೊರೆಯಲಿಲ್ಲ. ಹಡಗಿನ ಚಿನ್ನದ ಗಟ್ಟಿಗಳು ಎಷ್ಟೋ ದಶಕಗಳ ಬಳಿಕವೂ ಬಂದರಿನ ಹೂಳಿನಲ್ಲಿ ಸಿಗುತ್ತಿದ್ದವು. ಚಿನ್ನದ ಲೆಕ್ಕ ಪೆಟ್ಟಿಗೆ ಪೆಟ್ಟಿಗೆಗೂ ಇದ್ದ ಹಡಗಿನಲ್ಲಿ ಸ್ಫೋಟಕದ ಲೆಕ್ಕ ಬೆಂಕಿ ನಂದಿಸುವವನ ಕೈಗೆ ಸಕಾಲಕ್ಕೆ ಬರಲಿಲ್ಲವೆಂಬುದು ಆ ಕಾಲದ ಆದ್ಯತೆಗಳನ್ನು ಕುರಿತು ಸಾಕಷ್ಟು ಹೇಳುತ್ತದೆ.

ಮುಂಬಯಿಗೆ ಒಂದು ಪೂರ್ವನಿದರ್ಶನವಿತ್ತು. 1917ರ ಡಿಸೆಂಬರ್ 6ರ ಬೆಳಿಗ್ಗೆ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮಾಂಟ್ ಬ್ಲಾಂಕ್ ಎಂಬ ಫ್ರೆಂಚ್ ಹಡಗು ಮತ್ತೊಂದು ಹಡಗಿಗೆ ಡಿಕ್ಕಿಯಾಗಿ ಹೊತ್ತಿಕೊಂಡಿತು. ಅದರಲ್ಲಿ ಟಿಎನ್‌ಟಿ, ಪಿಕ್ರಿಕ್ ಆಮ್ಲ, ಬೆಂಜಾಲ್ ತುಂಬಿದ್ದವು. ಶತ್ರು ಜಲಾಂತರ್ಗಾಮಿಗಳ ಕಣ್ಣಿಗೆ ಬೀಳಬಾರದೆಂದು ಸ್ಫೋಟಕ ಸೂಚಿಸುವ ಕೆಂಪು ಬಾವುಟವನ್ನು ಅದು ಹಾರಿಸಿರಲಿಲ್ಲ. ದಡಕ್ಕೆ ಓಡಿಬಂದ ನಾವಿಕರು ಎಚ್ಚರಿಕೆಯ ಕೂಗು ಹಾಕಿದ್ದು ಫ್ರೆಂಚಿನಲ್ಲಿ. ಕೇಳಿದವರ ಭಾಷೆ ಇಂಗ್ಲಿಷ್. ಪೆಟ್ರಿಶಿಯಾ ಎಂಬ ಹೊಸ ಮೋಟಾರು ಅಗ್ನಿಶಾಮಕ ವಾಹನದೊಡನೆ ಕಟ್ಟೆಗೆ ಧಾವಿಸಿದ ದಳದಲ್ಲಿ ಬದುಕುಳಿದವರು ವಿರಳ. ಆ ನಗರದ ಒಂಬತ್ತು ಅಗ್ನಿಶಾಮಕರು ಅಂದು ಮಡಿದರು. ವಿಷಯ ತಿಳಿದ ರೈಲ್ವೆ ತಂತಿ ನೌಕರ ವಿನ್ಸ್ ಕೋಲ್‌ಮನ್ ತನ್ನ ಸ್ಥಾನ ಬಿಡದೆ, ಬರುತ್ತಿದ್ದ ರೈಲನ್ನು ತಡೆಯುವಂತೆ ಸಂದೇಶ ಕಳುಹಿಸಿ ಪ್ರಾಣ ತೆತ್ತನು. ಒಟ್ಟು ಸಾವು 1,700ಕ್ಕೂ ಮೇಲೆ. ಕೆಂಪು ಬಾವುಟ ಹಾರಿಸದಿದ್ದುದಕ್ಕೆ ಯುದ್ಧದ ಕಾರಣವಿತ್ತು ಎಂಬುದು ನಿಜ. ಆದರೆ ಶತ್ರುವಿನಿಂದ ಮರೆಮಾಚಿದ ಗುಟ್ಟು ಸ್ವಂತ ಊರಿನ ಅಗ್ನಿಶಾಮಕನಿಂದಲೂ ಮರೆಯಾಯಿತು.

ಯುದ್ಧ ಮುಗಿದ ಮೇಲೂ ಈ ಕಥೆ ಮುಗಿಯಲಿಲ್ಲವೆಂಬುದಕ್ಕೆ ಅಮೆರಿಕದ ಟೆಕ್ಸಸ್ ಸಿಟಿ ಸಾಕ್ಷಿ. 1947ರ ಏಪ್ರಿಲ್ 16ರಂದು ಅಲ್ಲಿ ಗ್ರಾಂಡ್‌ಕಾಂಪ್ ಎಂಬ ಹಡಗಿನಲ್ಲಿ ಬೆಂಕಿ ಕಾಣಿಸಿತು. ಸರಕು ಸುಮಾರು 2,300 ಟನ್ ಅಮೋನಿಯಂ ನೈಟ್ರೇಟ್. ಇಲ್ಲಿ ಹೆಸರು ಗುಟ್ಟಾಗಿರಲಿಲ್ಲ. ಅದು ಹೊಲಕ್ಕೆ ಹಾಕುವ ಗೊಬ್ಬರ, ಕಾಗದದ ಚೀಲದಲ್ಲಿ ಬಂದದ್ದು, ಯಾರಿಗೂ ಭಯವಿರಲಿಲ್ಲ. ನೀರು ಹಾಕಿದರೆ ಸರಕು ಕೆಡುತ್ತದೆಂದು ಕಪ್ತಾನನು ಉಗ್ರಾಣದ ಬಾಯಿ ಮುಚ್ಚಿಸಿ ಒಳಕ್ಕೆ ಹಬೆ ಬಿಡಿಸಿದನು. ಗಾಳಿಯನ್ನು ಹೊರದೂಡಿ ಬೆಂಕಿಯನ್ನು ಉಸಿರುಗಟ್ಟಿಸುವುದು ಹಡಗುಗಳಲ್ಲಿ ರೂಢಿಯಲ್ಲಿದ್ದ ಉಪಾಯ. ಆದರೆ ಅಮೋನಿಯಂ ನೈಟ್ರೇಟ್ ಉರಿಯಲು ಹೊರಗಿನ ಗಾಳಿಯನ್ನು ಬೇಡುವುದಿಲ್ಲ. ಉರಿಸಲು ಬೇಕಾದ ಆಮ್ಲಜನಕ ಅದರ ಅಣುವಿನಲ್ಲಿಯೇ ಇದೆ. ಮುಚ್ಚಿದ ಜಾಗದಲ್ಲಿ ಕಾವು ಮತ್ತು ಒತ್ತಡ ಏರಿದಷ್ಟೂ ಅದು ಗೊಬ್ಬರದ ಗುಣ ಬಿಟ್ಟು ಸ್ಫೋಟಕದ ಗುಣಕ್ಕೆ ತಿರುಗುತ್ತದೆ. ಮೇಲೆದ್ದ ಕಿತ್ತಳೆ ಬಣ್ಣದ ಹೊಗೆಯನ್ನು ನೋಡಲು ಊರಿನವರು ಕಟ್ಟೆಯ ಬಳಿ ನೆರೆದರು. 9 ಗಂಟೆ 12 ನಿಮಿಷಕ್ಕೆ ಹಡಗು ಸ್ಫೋಟಿಸಿತು. ಊರಿನ ಸ್ವಯಂಸೇವಾ ಅಗ್ನಿಶಾಮಕ ದಳದ 28 ಮಂದಿಯಲ್ಲಿ 27 ಮಂದಿ ಒಮ್ಮೆಲೇ ಇಲ್ಲವಾದರು. ಸತ್ತವರ ಒಟ್ಟು ಸಂಖ್ಯೆ 581ಕ್ಕೆ ಕಡಿಮೆಯಿಲ್ಲ.

ಹೆಸರು ತಿಳಿದರೆ ಸಾಲದು, ಆ ವಸ್ತು ಕಾವಿನಲ್ಲಿ ಏನು ಮಾಡುತ್ತದೆಂಬುದೂ ತಿಳಿದಿರಬೇಕೆಂಬ ಈ ಪಾಠ 1973ರ ಜುಲೈ 5ರಂದು ಅರಿಜೋನಾದ ಕಿಂಗ್‌ಮನ್‌ನಲ್ಲಿ ಮತ್ತೆ ಬಂದಿತು. ಪ್ರೊಪೇನ್ ತುಂಬಿದ ರೈಲ್ವೆ ಟ್ಯಾಂಕ್ ಒಂದಕ್ಕೆ ಬೆಂಕಿ ತಗುಲಿತ್ತು. ದ್ರವವಿರುವ ಭಾಗದಲ್ಲಿ ಟ್ಯಾಂಕಿನ ಉಕ್ಕು ತನ್ನ ಕಾವನ್ನು ದ್ರವಕ್ಕೆ ಕೊಟ್ಟು ತಡೆದುಕೊಳ್ಳುತ್ತದೆ. ಮೇಲಿನ ಭಾಗದಲ್ಲಿ ಬರಿಯ ಅನಿಲವಿರುವುದರಿಂದ ಅಲ್ಲಿಯ ಉಕ್ಕು ಬೇಗನೆ ಮೆತ್ತಗಾಗಿ ಹರಿಯುತ್ತದೆ. ಆ ಕ್ಷಣದಲ್ಲಿ ಒತ್ತಡ ಕಳೆದುಕೊಂಡ ದ್ರವವೆಲ್ಲ ಒಮ್ಮೆಲೇ ಕುದಿದು ಅನಿಲವಾಗಿ ಬೆಂಕಿಯ ಚೆಂಡಾಗುತ್ತದೆ. ಅಗ್ನಿಶಾಮಕರ ಭಾಷೆಯಲ್ಲಿ ಇದಕ್ಕೆ ‘ಬ್ಲೆವಿ’ ಎಂದು ಹೆಸರು. ಕಿಂಗ್‌ಮನ್‌ನಲ್ಲಿ ಹನ್ನೊಂದು ಅಗ್ನಿಶಾಮಕರು ಸತ್ತರು. ಅನಿಲ ಟ್ಯಾಂಕಿನ ಮೇಲ್ಭಾಗಕ್ಕೆ ದೂರದಿಂದ ಧಾರಾಳವಾಗಿ ನೀರು ಹಾಯಿಸಿ ತಂಪಾಗಿಡಬೇಕು, ಅಷ್ಟು ನೀರಿಲ್ಲದಿದ್ದರೆ ಜನರನ್ನು ತೆರವುಗೊಳಿಸಿ ಹಿಂದೆ ಸರಿಯಬೇಕು ಎಂಬುದು ಆ ಬಳಿಕ ತರಬೇತಿಯ ಮೂಲಪಾಠವಾಯಿತು. ಹಿಂದೆ ಸರಿಯುವುದು ಹೇಡಿತನವಲ್ಲವೆಂದು ಧೈರ್ಯವನ್ನೇ ಕಸುಬಾಗಿಸಿಕೊಂಡವರಿಗೆ ಕಲಿಸುವುದು ಸುಲಭವಾಗಿರಲಿಲ್ಲ.

ಇಂತಹ ಅನುಭವಗಳಿಂದ ಎರಡು ವ್ಯವಸ್ಥೆಗಳು ಬೆಳೆದವು. ಮೊದಲನೆಯದು ಗುರುತಿನ ವ್ಯವಸ್ಥೆ. ಅಪಾಯಕಾರಿ ಸರಕುಗಳ ಸಾಗಣೆಯನ್ನು ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ 1956ರಲ್ಲಿ ತನ್ನ ಮೊದಲ ಶಿಫಾರಸುಗಳನ್ನು ಪ್ರಕಟಿಸಿತು. ಮುಂದೆ ಪ್ರತಿಯೊಂದು ವಸ್ತುವಿಗೂ ನಾಲ್ಕಂಕಿಯ ಸಂಖ್ಯೆಯೊಂದು ನಿಂತಿತು: ಕ್ಲೋರಿನ್‌ಗೆ 1017, ಪೆಟ್ರೋಲಿಗೆ 1203, ಅಡುಗೆ ಅನಿಲಕ್ಕೆ 1075. ಹ್ಯಾಲಿಫ್ಯಾಕ್ಸ್‌ನ ಭಾಷಾತೊಡಕಿಗೆ ಇದು ಉತ್ತರ; ಅಂಕಿಗೆ ಫ್ರೆಂಚ್, ಇಂಗ್ಲಿಷ್ ಎಂಬ ಭೇದವಿಲ್ಲ. 1971ರಲ್ಲಿ ಅಮೆರಿಕದ ರಾಸಾಯನಿಕ ಉದ್ಯಮ ಹಗಲಿರುಳು ದೂರವಾಣಿಯಲ್ಲಿ ಮಾಹಿತಿ ನೀಡುವ ಕೇಂದ್ರವನ್ನು ತೆರೆಯಿತು. ಅದೇ ದಶಕದಲ್ಲಿ ಲಂಡನ್ ಅಗ್ನಿಶಾಮಕ ದಳ ‘ಹ್ಯಾಜ್‌ಕೆಮ್’ ಸಂಕೇತವನ್ನು ರೂಪಿಸಿತು. ಇದರ ಜಾಣತನವಿರುವುದು ರಸಾಯನಶಾಸ್ತ್ರ ಕಲಿಸುವುದರಲ್ಲಲ್ಲ, ಮಾಡಬೇಕಾದ ಕೆಲಸವನ್ನು ನೇರವಾಗಿ ಹೇಳುವುದರಲ್ಲಿ. ಮೊದಲ ಅಂಕಿ ನಂದಿಸುವ ಸಾಧನವನ್ನು ತಿಳಿಸುತ್ತದೆ: 1 ಎಂದರೆ ದಪ್ಪ ಹನಿಯ ನೀರು, 2 ಎಂದರೆ ನವಿರಾದ ತುಂತುರು, 3 ಎಂದರೆ ನೊರೆ, 4 ಎಂದರೆ ನೀರು ಸೋಕಿಸದೆ ಬಳಸುವ ಒಣ ಸಾಧನ. ಬಳಿಕ ಬರುವ ಅಕ್ಷರ, ಚೆಲ್ಲಿದ್ದನ್ನು ನೀರಿನಿಂದ ತೊಳೆದು ಹರಿಯಬಿಡಬಹುದೇ ಅಥವಾ ಚರಂಡಿಗೆ ಸೇರದಂತೆ ಒಡ್ಡು ಕಟ್ಟಿ ತಡೆಯಬೇಕೇ, ಮೈತುಂಬ ರಕ್ಷಾಕವಚ ಬೇಕೇ ಅಥವಾ ಉಸಿರಾಟದ ಸಾಧನವಿದ್ದರೆ ಸಾಕೇ ಎಂಬುದನ್ನು ಹೇಳುತ್ತದೆ. ಕೊನೆಯಲ್ಲಿ ‘ಇ’ ಇದ್ದರೆ ಸುತ್ತಲಿನ ಜನರನ್ನು ತೆರವುಗೊಳಿಸುವ ವಿಚಾರ ಮಾಡಬೇಕು. ಕ್ಲೋರಿನ್ ಟ್ಯಾಂಕರಿನ ಮೇಲೆ ‘2ಎಕ್ಸ್‌ಇ’ ಎಂದು ಕಂಡವನಿಗೆ ಪುಸ್ತಕ ತೆರೆಯುವ ಮುನ್ನವೇ ಮೊದಲ ಹತ್ತು ನಿಮಿಷದ ಕೆಲಸ ತಿಳಿಯುತ್ತದೆ.

ಎರಡನೆಯದು ಸಮೀಪಿಸುವ ಕ್ರಮ. ಗಾಳಿ ಬೀಸುವ ದಿಕ್ಕಿನಿಂದ, ಎತ್ತರದ ಕಡೆಯಿಂದ ಬರಬೇಕು. ದೂರದಲ್ಲಿ ನಿಂತು ದೂರದರ್ಶಕದಿಂದ ಫಲಕವನ್ನು ಓದಬೇಕು. ಹಾಟ್, ವಾರ್ಮ್, ಕೋಲ್ಡ್ ಎಂದು ಮೂರು ವಲಯಗಳನ್ನು ಗುರುತಿಸಿ, ಒಳವಲಯಕ್ಕೆ ಹೋದವರು ನಡುವಲಯದಲ್ಲಿ ಮೈ ಮತ್ತು ಉಪಕರಣಗಳನ್ನು ತೊಳೆದುಕೊಂಡೇ ಹೊರಬರಬೇಕು. ಎಲ್ಲಕ್ಕೂ ಒಬ್ಬನೇ ಅಧಿಕಾರಿಯ ಆಜ್ಞೆ ನಡೆಯಬೇಕು. ವಸ್ತು ಬದಲಾದಂತೆ ಕ್ರಮವೂ ಬದಲಾಗುತ್ತದೆ. ಅಮೋನಿಯಾ ನೀರಿನಲ್ಲಿ ಯಥೇಚ್ಛ ಕರಗುವುದರಿಂದ ಅದರ ಮೋಡಕ್ಕೆ ತುಂತುರು ಹಿಡಿದರೆ ಅನಿಲ ನೆಲಕ್ಕಿಳಿಯುತ್ತದೆ. ಗಾಳಿಗಿಂತ ಎರಡೂವರೆ ಪಟ್ಟು ಭಾರವಾದ ಕ್ಲೋರಿನ್ ತಗ್ಗುಗಳನ್ನು ಹುಡುಕಿಕೊಂಡು ಹರಿಯುತ್ತದೆ. ಅದು ಸೋರುವ ಸಿಲಿಂಡರಿನ ತೂತಿಗೇ ನೀರು ಬಿಟ್ಟರೆ ಆಮ್ಲ ಹುಟ್ಟಿ ಲೋಹವನ್ನು ತಿಂದು ತೂತನ್ನು ದೊಡ್ಡದು ಮಾಡುತ್ತದೆ. ದ್ರವ ಕ್ಲೋರಿನ್ ಅನಿಲವಾದಾಗ ಸುಮಾರು 450 ಪಟ್ಟು ಹಿಗ್ಗುವುದರಿಂದ, ಸೋರುವ ಭಾಗ ಮೇಲೆ ಬರುವಂತೆ ಸಿಲಿಂಡರನ್ನು ಹೊರಳಿಸಿ ದ್ರವದ ಬದಲು ಅನಿಲವಷ್ಟೇ ಹೊರಬರುವಂತೆ ಮಾಡುವುದು ಅನುಭವಿಗಳು ಕಂಡುಕೊಂಡ ಸರಳ ಉಪಾಯ.

ಈ ಜ್ಞಾನವೆಲ್ಲ ಲೋಕದಲ್ಲಿದ್ದರೂ ಭೋಪಾಲಕ್ಕೆ ಅದು ತಲಪಲಿಲ್ಲ. 1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610 ಸಂಖ್ಯೆಯ ಟ್ಯಾಂಕಿಗೆ ನೀರು ಸೇರಿ, ಅಲ್ಲಿದ್ದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಕಾದು, ಕುದಿದು, ನಿರ್ಗಮನ ಕೊಳವೆಯಿಂದ ಹೊರಬಂದಿತು. ಕಾರ್ಖಾನೆಯ ಸಿಬ್ಬಂದಿ ಅದಕ್ಕೆ ನೀರಿನ ಧಾರೆ ಹಿಡಿದರು. ಉಪಾಯ ಸರಿಯಾದುದೇ ಆಗಿದ್ದರೂ ಧಾರೆ ಕೊಳವೆಯ ಎತ್ತರಕ್ಕೆ ಏರಲಿಲ್ಲ. ಊರಿಗೆ ಕೇಳಿಸುವ ಸೈರನ್ನನ್ನು ಆರಂಭದಲ್ಲಿ ಸ್ವಲ್ಪ ಹೊತ್ತು ಊದಿ ನಿಲ್ಲಿಸಲಾಗಿತ್ತು. ಜನ ಗಾಳಿ ಬೀಸುವ ದಿಕ್ಕಿನಲ್ಲಿಯೇ ಓಡಿದರು. ಓಡುತ್ತ ಏದುಸಿರು ಬಿಟ್ಟಷ್ಟೂ ವಿಷ ಒಳಸೇರಿತು. ಒದ್ದೆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಗಾಳಿಗೆ ಅಡ್ಡಲಾಗಿ ನಡೆಯಿರಿ ಎಂಬ ಒಂದು ವಾಕ್ಯ ಆ ರಾತ್ರಿ ಬೇಕಾಗಿತ್ತು. ಹಮೀದಿಯಾ ಆಸ್ಪತ್ರೆಗೆ ಸಾವಿರಾರು ಮಂದಿ ಬಂದು ಬಿದ್ದಾಗ ವೈದ್ಯರಿಗೆ ಅನಿಲದ ಗುಣವಾಗಲಿ ಚಿಕಿತ್ಸೆಯಾಗಲಿ ತಿಳಿದಿರಲಿಲ್ಲ. ಅದು ಕಣ್ಣುರಿ ತರಿಸುವ ಅನಿಲವೆಂಬ ಮಾತು ಕಂಪನಿಯ ಕಡೆಯಿಂದ ಬಂದಿತು. ಸೋಡಿಯಂ ಥಯೋಸಲ್ಫೇಟ್ ಕೊಡಬೇಕೆ ಬೇಡವೆ ಎಂಬ ವಿವಾದ ಬಹುಕಾಲ ನಡೆಯಿತು. ರೈಲ್ವೆ ನಿಲ್ದಾಣದಲ್ಲಿ ಗುಲಾಮ್ ದಸ್ತಗೀರ್ ಎಂಬ ಅಧಿಕಾರಿ ನಿಂತಿದ್ದ ರೈಲನ್ನು ವೇಳೆಗೆ ಮುನ್ನವೇ ಹೊರಡಿಸಿ ಪ್ರಯಾಣಿಕರನ್ನು ಉಳಿಸಿದರು. ಹ್ಯಾಲಿಫ್ಯಾಕ್ಸ್‌ನ ತಂತಿ ನೌಕರನಂತೆ ಇವರೂ ಅಗ್ನಿಶಾಮಕ ದಳದವರಲ್ಲ; ಅಪಾಯದ ಸುಳಿವು ಸಿಕ್ಕೊಡನೆ ತಮ್ಮ ವಿವೇಚನೆಯಿಂದ ತೀರ್ಮಾನ ಕೈಗೊಂಡವರು.

ಭೋಪಾಲದ್ದೇ ಆದ ಮತ್ತೊಂದು ಪ್ರಸಂಗ ಈ ಚರಿತ್ರೆಯಲ್ಲಿ ತಕ್ಕ ಸ್ಥಾನ ಪಡೆದಿಲ್ಲ. ದುರಂತದ ನಂತರ ಕಾರ್ಖಾನೆಯಲ್ಲಿ ಉಳಿದಿದ್ದ ಮೀಥೈಲ್ ಐಸೊಸಯನೇಟನ್ನು ಡಿಸೆಂಬರ್ 16ರಿಂದ ಕೀಟನಾಶಕವಾಗಿ ಪರಿವರ್ತಿಸಿ ಮುಗಿಸಲಾಯಿತು. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯ ಮುಖ್ಯಸ್ಥರಾಗಿದ್ದ ಎಸ್. ವರದರಾಜನ್ ನೇತೃತ್ವದ ಈ ಕಾರ್ಯಾಚರಣೆಗೆ ‘ಆಪರೇಷನ್ ಫೇಯ್ತ್’ ಎಂದು ಹೆಸರಿಡಲಾಗಿತ್ತು. ಬೇಲಿಗೆ ಒದ್ದೆ ಬಟ್ಟೆ ಕಟ್ಟಿ, ಹೆಲಿಕಾಪ್ಟರಿನಿಂದ ನೀರು ಚಿಮುಕಿಸಿ, ದಿನಾಂಕವನ್ನು ಮುಂಚಿತವಾಗಿ ಸಾರಿ ಕೆಲಸ ನಡೆಸಲಾಯಿತು. ಮೊದಲ ರಾತ್ರಿ ಕೇಳದ ಎಚ್ಚರಿಕೆ ಎರಡು ವಾರಗಳ ಮೇಲೆ ಕೇಳಿಬಂದಿತು. ಆದರೂ ಜನ ತಂಡೋಪತಂಡವಾಗಿ ಊರು ಬಿಟ್ಟರು. ಒಮ್ಮೆ ಹೇಳದೆ ಉಳಿದವರ ಮಾತನ್ನು ಮುಂದೆ ನಂಬುವುದು ಯಾರಿಗೂ ಕಷ್ಟ.

ಭೋಪಾಲದ ಬೆನ್ನಿಗೇ, 1985ರ ಡಿಸೆಂಬರಿನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸಂಪೂರ್ಣ ಹೊಣೆಗಾರಿಕೆಯ ತತ್ತ್ವವನ್ನು ಸಾರಿತು. 1986ರ ಪರಿಸರ ಸಂರಕ್ಷಣಾ ಕಾಯಿದೆಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅಗ್ನಿಶಾಮಕರ ದೃಷ್ಟಿಯಿಂದ 1987ರಲ್ಲಿ ತಿದ್ದುಪಡಿಯಾದ ಕಾರ್ಖಾನೆಗಳ ಕಾಯಿದೆಯ 41ಬಿ ಕಲಮು ಹೆಚ್ಚು ಮಹತ್ತ್ವದ್ದು. ಅಪಾಯದ ಸ್ವರೂಪವನ್ನೂ ಅದನ್ನು ಎದುರಿಸುವ ಕ್ರಮವನ್ನೂ ಕಾರ್ಮಿಕರಿಗೆ, ಮುಖ್ಯ ನಿರೀಕ್ಷಕರಿಗೆ, ಸ್ಥಳೀಯ ಸಂಸ್ಥೆಗೆ, ನೆರೆಯ ಜನರಿಗೆ ತಿಳಿಸುವುದು ಕಾರ್ಖಾನೆಯ ಅಧಿಭೋಗದಾರನ ಕಡ್ಡಾಯ ಕರ್ತವ್ಯವೆಂದು ಅದು ವಿಧಿಸಿತು. ಹೆಸರು ಹೇಳುವುದು ಸೌಜನ್ಯವಾಗಿರದೆ ಕಾನೂನಾಯಿತು. 1989ರ ನಿಯಮಗಳು ಕಾರ್ಖಾನೆಯ ಒಳಗಿನ ಮತ್ತು ಹೊರಗಿನ ತುರ್ತು ಯೋಜನೆಗಳನ್ನು ಬೇಡಿದವು. 1996ರ ನಿಯಮಗಳು ಕೇಂದ್ರ, ರಾಜ್ಯ, ಜಿಲ್ಲೆ, ಸ್ಥಳೀಯ ಮಟ್ಟಗಳಲ್ಲಿ ಬಿಕ್ಕಟ್ಟು ನಿರ್ವಹಣಾ ಗುಂಪುಗಳನ್ನು ರಚಿಸಿದವು. ಕೇಂದ್ರ ಮೋಟಾರು ವಾಹನ ನಿಯಮಗಳು ಟ್ಯಾಂಕರುಗಳ ಮೇಲೆ ವಸ್ತುವಿನ ಹೆಸರು, ವಿಶ್ವಸಂಸ್ಥೆಯ ಸಂಖ್ಯೆ, ತುರ್ತು ದೂರವಾಣಿ ಸಂಖ್ಯೆಗಳಿರುವ ಫಲಕವನ್ನು ಕಡ್ಡಾಯಗೊಳಿಸಿದವು. ಅಂತಹ ವಾಹನದ ಚಾಲಕನಿಗೆ ಇಂಗ್ಲಿಷಿನೊಡನೆ ಒಂದಾದರೂ ಭಾರತೀಯ ಭಾಷೆಯನ್ನು ಓದಿ ಬರೆಯಲು ಬರಬೇಕೆಂದೂ ಹೇಳಿದವು.

ಕರ್ನಾಟಕದ ಮಟ್ಟಿಗೆ ಈ ಫಲಕದ ಪ್ರಶ್ನೆ ಕೇವಲ ಶಾಸ್ತ್ರಚರ್ಚೆಯಲ್ಲ. ಮಂಗಳೂರಿನಿಂದ ಅಡುಗೆ ಅನಿಲದ ಟ್ಯಾಂಕರುಗಳು ಘಟ್ಟ ಹತ್ತಿ ಒಳನಾಡಿಗೂ ಕರಾವಳಿಯುದ್ದಕ್ಕೆ ಕೇರಳಕ್ಕೂ ಸಾಗುತ್ತವೆ. 2012ರ ಆಗಸ್ಟ್ 27ರ ರಾತ್ರಿ ಮಂಗಳೂರಿನಿಂದ ಹೊರಟಿದ್ದ ಟ್ಯಾಂಕರೊಂದು ಕಣ್ಣೂರಿನ ಚಾಲ ಎಂಬಲ್ಲಿ ಉರುಳಿ ಸ್ಫೋಟಿಸಿ ಸುಮಾರು 20 ಮಂದಿ ಸತ್ತರು. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಮತ್ತೊಂದು ಟ್ಯಾಂಕರ್ ಮಗುಚಿ, ಅನಿಲ ರಸ್ತೆಬದಿಯ ಮನೆಗಳಿಗೆ ಹರಡಿ ಹೊತ್ತಿಕೊಂಡು ಹಲವರನ್ನು ಬಲಿ ತೆಗೆದುಕೊಂಡಿತು. ಇಂತಹ ಕಡೆಗಳಲ್ಲಿ ಮೊದಲು ಓಡಿಬರುವವರು ಅಗ್ನಿಶಾಮಕರಲ್ಲ, ನೆರೆಮನೆಯವರು. ಅವರ ಒಲೆಯ ಕಿಡಿ, ಅವರು ಹಾಕುವ ವಿದ್ಯುತ್ ಸ್ವಿಚ್ಚು, ಅವರು ಚಾಲೂ ಮಾಡುವ ಸ್ಕೂಟರು ಸಾಕು. ಗಾಳಿಗಿಂತ ಭಾರವಾದ ಈ ಅನಿಲ ನೆಲಕ್ಕಂಟಿ ಹರಿಯುತ್ತದೆಂಬುದನ್ನು ಟ್ಯಾಂಕರಿನ ಬೆನ್ನ ಮೇಲಿನ ಇಂಗ್ಲಿಷ್ ಅಕ್ಷರಗಳು ಅವರಿಗೆ ಹೇಳಲಾರವು. 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯಿದೆಯ ಅಡಿಯಲ್ಲಿ ಬೆಳೆದ ರಾಜ್ಯದ ಸೇವೆಗೆ ಬೆಂಗಳೂರಿನ ಆರ್.ಎ. ಮುಂಡ್ಕೂರ್ ಅಕಾಡೆಮಿಯಂತಹ ತರಬೇತಿ ಕೇಂದ್ರವಿದೆ. ಹೆದ್ದಾರಿ ಬದಿಯ ಹಳ್ಳಿಗಳಿಗೆ ಅಂತಹ ತಿಳಿವಳಿಕೆಯನ್ನು ಕನ್ನಡದಲ್ಲಿ, ತುಳುವಿನಲ್ಲಿ ತಲಪಿಸುವ ಕೆಲಸ ಅಷ್ಟೇ ಮುಖ್ಯವಾದುದು.

ನಿಯಮಗಳು ಬಂದ ಮೇಲೂ ಹೆಸರು ಕಳೆದುಹೋಗುವ ಒಂದು ಬಗೆ ಉಳಿದಿದೆ. ವಾರಸುದಾರರಿಲ್ಲದೆ ವರ್ಷಗಟ್ಟಲೆ ಬಿದ್ದ ಸರಕಿನದು ಅಂತಹ ಪ್ರಕರಣ. 2010ರ ಜುಲೈ 14ರಂದು ಮುಂಬಯಿ ಬಂದರಿನ ಹಾಜಿ ಬಂದರ್ ಪ್ರದೇಶದಲ್ಲಿ 1997ರಿಂದ ಬಿದ್ದಿದ್ದ ಸಿಲಿಂಡರುಗಳಿಂದ ಕ್ಲೋರಿನ್ ಸೋರಿತು. ಅಸ್ವಸ್ಥರಾದ ನೂರಕ್ಕೂ ಹೆಚ್ಚು ಜನರಲ್ಲಿ ಅಗ್ನಿಶಾಮಕ ಸಿಬ್ಬಂದಿಯೂ ಇದ್ದರು. ವಿಕ್ಟೋರಿಯಾ ಹಡಗುಕಟ್ಟೆ ಅಲ್ಲಿಂದ ದೂರವೇನಲ್ಲ. 2020ರ ಆಗಸ್ಟ್ 4ರಂದು ಲೆಬನಾನಿನ ಬೈರೂತ್ ಬಂದರಿನ ಉಗ್ರಾಣವೊಂದರಲ್ಲಿ ಬೆಂಕಿಯೆಂಬ ಕರೆ ಬಂದಾಗ ಹತ್ತು ಮಂದಿಯ ತಂಡ ಹೊರಟಿತು. ಒಳಗೆ ಆರು ವರ್ಷಗಳಿಂದ 2,750 ಟನ್ ಅಮೋನಿಯಂ ನೈಟ್ರೇಟ್ ಇದೆಯೆಂದು ಬಂದರಿನ ಕಡತಗಳಲ್ಲಿ ಬರೆದಿತ್ತು, ತಂಡಕ್ಕೆ ಹೇಳಿರಲಿಲ್ಲ. ಹತ್ತು ಮಂದಿಯೂ ಹಿಂದಿರುಗಲಿಲ್ಲ. ಆ ವಾರವೇ ಭಾರತದ ಬಂದರುಗಳಲ್ಲಿ ಹಳೆಯ ಸರಕಿನ ತಪಾಸಣೆ ಆರಂಭವಾಯಿತು. ಚೆನ್ನೈ ಬಳಿಯ ಮಣಲಿಯ ಉಗ್ರಾಣದಲ್ಲಿ 2015ರಿಂದ 37 ಕಂಟೇನರುಗಳಲ್ಲಿ ಇದ್ದ ಸುಮಾರು 700 ಟನ್ ಅಮೋನಿಯಂ ನೈಟ್ರೇಟನ್ನು ಹರಾಜು ಹಾಕಿ, ಲಾರಿಗಳಲ್ಲಿ ಹೈದರಾಬಾದಿಗೆ ಸಾಗಿಸಲಾಯಿತು.